ಟೈರ್ ನೋಡಿ ಬರ್ತೀನಿ

ಮಾತ್ರೆಯ ಸ್ಟ್ರಿಪ್ಪು ಜೇಬಿನಿಂದ ಜಾರಿ ಬಿದ್ದದ್ದು ಟೈರಣ್ಣನಿಗೆ ಗೊತ್ತಾಗಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು ಓಡುವವನಿಗೆ ಜೇಬಿನ ಮೇಲೆ ಎಲ್ಲಿಂದ ಗಮನ ಬರಬೇಕು?

ಅವನು ಊರೊಳಗೆ ಸುತ್ತುವ ಬಸ್ಸಿನ ಡ್ರೈವರು. ಕರುಳಿನಲ್ಲಿ ಉರಿಯೂತ. ಹೊಟ್ಟೆಯಿಂದ ಕರೆ ಬಂತೆಂದರೆ ಅರಸನೇ ಎದುರಿಗಿದ್ದರೂ ತಡೆಯುವಂತಿಲ್ಲ. ಡಿಪೋದವರಿಗೆ ತಿಳಿದರೆ ಸ್ಟೇರಿಂಗ್ ಕಿತ್ತುಕೊಂಡು ಬಸ್ಸು ತೊಳೆಯುವ ಪೈಪು ಕೊಟ್ಟಾರು ಎಂಬ ಭಯ. ಅದಕ್ಕೇ ಶೌಚಾಲಯವಿರುವ ಸ್ಟಾಪು ಬಂದರೆ ಸಾಕು, “ಟೈರ್ ನೋಡಿ ಬರ್ತೀನಿ” ಎಂದು ಇಳಿದು ಮಾಯವಾಗುತ್ತಿದ್ದ. ಹೆಸರು ಬಂದದ್ದೂ ಹಾಗೆಯೇ. ಟೈರನ್ನೇ ಇಷ್ಟು ಅಕ್ಕರೆಯಿಂದ ನೋಡುವವನು ಹೆಂಡತಿಯನ್ನು ಇನ್ನೆಷ್ಟು ನೋಡಿಕೊಂಡಾನು ಎಂದು ಬಸ್ಸಿನ ಹೆಂಗಸರಿಗೆ ಹೊಟ್ಟೆಕಿಚ್ಚು.

ಬಿದ್ದ ಮಾತ್ರೆ ಕಂಡಕ್ಟರನ ಕೈಗೆ ಸಿಕ್ಕಿತು. ಕಂಡಕ್ಟರನೋ, ಕಾಲು ಮೂಡಿದ ಮೈಕು. ಔಷಧದಂಗಡಿಯಲ್ಲಿ ತೋರಿಸಿ ಡಿಪೋಗೆ ಓಡಿ ಬಂದ.

“ಕುಡಿತ ಬಿಡಿಸೋ ಮಾತ್ರೆ ಕಣ್ರೋ! ಟೈರ್ ನೋಡ್ತಾನಂತೆ, ಟೈರು! ಮರೆಗೆ ಹೋಗಿ ಏರಿಸ್ಕೊಂಡು, ಮುಖ ತೊಳ್ಕೊಂಡು ಬರ್ತಾನೆ!”

ಮಾತ್ರೆ ಅದಕ್ಕೆ ಹುಟ್ಟಿದ್ದೇನೋ ನಿಜ. ಡಾಕ್ಟರಮ್ಮ ಅದನ್ನೇ ಕರುಳಿಗೆಂದು ಕೊಟ್ಟಿದ್ದರು. “ಹಳೇ ಔಷಧಿಗೆ ಹೊಸ ಕೆಲಸ ಕೊಟ್ಟು ನೋಡ್ತಿದ್ದೀವಪ್ಪ. ಕೆಲವರಿಗೆ ಗುಣ ಕಾಣ್ತಿದೆ” ಎಂದಿದ್ದರು.

ಮ್ಯಾನೇಜರು ಕರೆಸಿ, ಊದಿಸಿ ನೋಡುವ ಮೆಷೀನು ಬಾಯಿಗೆ ಹಿಡಿದರು. ಸೊನ್ನೆ.

“ನೋಡಿದ್ರಾ ಸಾರ್, ನಾನು ಕುಡಿಯಲ್ಲ!” ಎಂದ ಟೈರಣ್ಣ.

“ನೋಡಿದ್ರಾ ಸಾರ್, ಮಾತ್ರೆ ಹೇಗೆ ಕೆಲಸ ಮಾಡಿದೆ!” ಎಂದ ಕಂಡಕ್ಟರ.

“ದೇವರಾಣೆ, ಹುಟ್ಟಿದಾಗಿಂದ ಒಂದು ತೊಟ್ಟು ಮುಟ್ಟಿಲ್ಲ!”

“ಕುಡುಕರೆಲ್ಲ ಅನ್ನೋದೇ ಹಾಗೆ. ನಾನೂ ದಿನಾ ಅಂತೀನಲ್ಲ” ಎಂದ ಮೆಕ್ಯಾನಿಕ್ಕು.

ಹೆಂಡತಿಗೆ ಫೋನು ಹೋಯಿತು. “ಇವರಾ? ಸೋಡಾ ಕುಡಿದ್ರೇ ತಲೆ ತಿರುಗುತ್ತೆ ಇವರಿಗೆ!”

“ಪಾಪ, ಗಂಡನ ಮಾನ ಮುಚ್ತಿದ್ದಾಳೆ ಮಹಾತಾಯಿ” ಎಂದು ಮ್ಯಾನೇಜರು ಕಣ್ಣೊರೆಸಿಕೊಂಡರು. “ನೋಡಪ್ಪಾ, ಕುಡಿತ ಬಿಟ್ಟವನಿಗೆ ನಾನು ಇನ್ನೊಂದು ಅವಕಾಶ ಕೊಡ್ತೀನಿ. ಬೇರೆ ಏನಾದ್ರೂ ಕಾಯಿಲೆ ಇದ್ರೆ ಮಾತ್ರ ಸ್ಟೇರಿಂಗ್ ಮುಟ್ಟಿಸಲ್ಲ. ಈಗ ಹೇಳು, ಈ ಮಾತ್ರೆ ಯಾತಕ್ಕೆ?”

ಟೈರಣ್ಣನ ಬದಲು ಅವನ ಹೊಟ್ಟೆ ಮಾತಾಡಿತು, ಖಾಲಿ ಡ್ರಮ್ಮು ಮೆಟ್ಟಿಲಿಳಿದಂತೆ. ಇನ್ನು ನಿಂತರೆ ಮಾನ ಉಳಿಯುವುದಿಲ್ಲ.

“ಹೌದು ಸಾರ್, ಕುಡೀತಿದ್ದೆ! ಬಕೆಟ್‌ಗಟ್ಟಲೆ ಕುಡೀತಿದ್ದೆ! ಈಗ ಬಿಟ್ಟಿದ್ದೀನಿ! ಟೈರ್ ನೋಡಿ ಬರ್ತೀನಿ!” ಎಂದವನೇ ಬಾಗಿಲು ದಾಟಿ ಓಡಿದ.

ಹಗುರಾಗಿ ಮರಳಿದಾಗ ಇಡೀ ಡಿಪೋ ಚಪ್ಪಾಳೆ ತಟ್ಟಿತು. ಮ್ಯಾನೇಜರು ತಬ್ಬಿಕೊಂಡರು.

“ಒಪ್ಕೊಂಡು, ಮರೇಲಿ ಅಳೋಕೆ ಓಡಿದ್ಯಲ್ಲ, ಆಗಲೇ ನನ್ನ ಕರುಳು ಚುರ್ ಅಂತು. ಇಂಥವನನ್ನ ಊರೊಳಗಿನ ಬಸ್ಸಲ್ಲಿ ಕೊಳೆಯೋಕೆ ಬಿಡ್ತೀನಾ? ನಾಳೆಯಿಂದ ಹೊಸ ಎಕ್ಸ್‌ಪ್ರೆಸ್ ಬಸ್ಸು ನಿಂದೇ. ದಾರೀಲಿ ಹೆಂಡದಂಗಡಿ ಕಂಡ್ರೂ ಭಯವಿಲ್ಲ. ಬೆಳಗ್ಗೆ ಹೊರಟ್ರೆ ಸಂಜೆವರೆಗೂ ಅದು ಎಲ್ಲೂ ನಿಲ್ಲಲ್ಲ!”

ಕಂಡಕ್ಟರ ಪ್ರೀತಿಯಿಂದ ಟೈರಣ್ಣನ ಬೆನ್ನು ತಟ್ಟಿದ.

“ಟೈರೂ ಹೊಸದೇ ಅಣ್ಣ. ಇಳಿದು ನೋಡೋ ಕೆಲಸವೇ ಇಲ್ಲ!”