ಜೇಬಿನ ಮರಳು

ಇಸ್ತ್ರಿಯಣ್ಣ ಕಡಲನ್ನು ಕಂಡಿದ್ದು ಗಿರಾಕಿಗಳ ಜೇಬಿನಲ್ಲಿ ಮಾತ್ರ. ರಜೆ ಮುಗಿಸಿ ಬಂದವರ ಪ್ಯಾಂಟಿನ ಜೇಬು ಹೊರಮಗುಚಿ, ಉದುರಿದ ಮರಳನ್ನು ಒಂದು ಗಾಜಿನ ಸೀಸೆಗೆ ತುಂಬುತ್ತಿದ್ದ. ಹದಿನೆಂಟು ವರ್ಷಕ್ಕೆ ಅರ್ಧ ಸೀಸೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿದ್ದಂತೆ ಅವನ ಪ್ರಾಣ ಅದರಲ್ಲಿತ್ತು. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಚುಂಯ್ ಎಂದಾಗಲೆಲ್ಲ, ಅಲೆಯೂ ಹೀಗೇ ಹಿಂದೆ ಸರಿಯುತ್ತದೇನೋ ಅಂದುಕೊಳ್ಳುತ್ತಿದ್ದ.

ಹಾಗಾಗಿ ಮಹಡಿಮನೆಯ ನಿವೃತ್ತ ಮೇಷ್ಟ್ರು, ಕಡಲ ದಡದ ವಸತಿಗೃಹದಲ್ಲಿ ವರ್ಷಕ್ಕೊಂದು ವಾರ ತಂಗುವ ತಮ್ಮ ಹಕ್ಕನ್ನು ಮಾರುತ್ತೇನೆಂದಾಗ ಅವನು ಚೌಕಾಸಿಯನ್ನೂ ಮಾಡಲಿಲ್ಲ. ಮೇಷ್ಟ್ರ ಮೂಗಿಗೆ ಉಪ್ಪುಗಾಳಿ ಆಗದು, ಹೋದಾಗೆಲ್ಲ ಸೀನು. ಈ ವರ್ಷದ ವಾರ ನಾಡಿದ್ದು ಸೋಮವಾರವೇ ಶುರು. ಉಳಿದದ್ದು ಕಾಗದಕ್ಕೆ ಸಹಿ, ಮತ್ತು ವಸತಿಗೃಹಕ್ಕೆ ಕಟ್ಟಬೇಕಾದ ಈ ವರ್ಷದ ಶುಲ್ಕ. ಅದನ್ನು ತಾನೇ ಕಟ್ಟುವುದೆಂದು ಅವನು ನಿಶ್ಚಯಿಸಿದ್ದ. ಅದಕ್ಕೆ ಮುಂಚೆ ಕ್ಷೌರಕ್ಕೆ ಹೋದದ್ದೇ ತಪ್ಪಾಯಿತು.

"ಬಿಲ್ಲು ಯಾರ ಹೆಸರಲ್ಲಿದೆ? ಮೇಷ್ಟ್ರದ್ದು ತಾನೆ?" ಎಂದ ಕ್ಷೌರದವನು. "ಎಮ್ಮೆ ಕೊಂಡವನು, ಅದು ನಿನ್ನೆ ತಿಂದ ಹುಲ್ಲಿಗೂ ದುಡ್ಡು ಕೊಡ್ತಾನೇನಣ್ಣ?"

ಕತ್ತಿನ ಮೇಲೆ ಕತ್ತಿಯಿದ್ದಾಗ ತಲೆ ಅಲ್ಲಾಡಿಸುವಂತಿಲ್ಲ. ಅದನ್ನು ಕ್ಷೌರದವನು ಒಪ್ಪಿಗೆಯೆಂದೇ ತಿಳಿದು, ಇಸ್ತ್ರಿಯಣ್ಣನ ಭಾವಮೈದುನನಿಗೆ ಹೇಳಿಕಳಿಸಿದ. ಭಾವಮೈದುನ ವಕೀಲರ ಕಚೇರಿಯಲ್ಲಿ ಟೈಪಿಸ್ಟು. ನೆಂಟರ ಪಾಲಿಗೆ ಮಾತ್ರ ವಕೀಲ. ಇಸ್ತ್ರಿ ಅಂಗಡಿಗೆ ಬಂದವನೇ 'ಈ ವರ್ಷದ ಶುಲ್ಕ ಮಾರುವವರದೇ' ಎಂದು ಕಾಗದಕ್ಕೆ ಒಂದು ಸಾಲು ಸೇರಿಸಿದ.

"ಹೋಗ್ಲಿ ಬಿಡೋ. ನಂಗೆ ಕಡಲು ಸಿಕ್ಕಿದ್ರೆ ಸಾಕು."

"ಭಾವ, ನೀವು ಸುಮ್ನಿರಿ. ನಿಮ್ಮಂಥೋರು ಇರೋದ್ರಿಂದ್ಲೇ ಕೋರ್ಟುಗಳು ನಡೀತಿರೋದು."

ಈ ಮಾತಿನ ನಡುವೆ ಯಾರದೋ ಬಿಳಿ ಅಂಗಿ ಸುಟ್ಟು, ಬೆನ್ನ ಮೇಲೆ ಕಂದು ಬಣ್ಣದ ಪುಟ್ಟ ದೋಣಿಯೊಂದು ಮೂಡಿತು.

ಮಧ್ಯಾಹ್ನ ಮೂವರೂ ಮಹಡಿ ಹತ್ತಿದರು. ಎಮ್ಮೆ, ಹುಲ್ಲು, ಕಾನೂನು ಎಲ್ಲವೂ ಬಂದುಹೋದವು. ಇಸ್ತ್ರಿಯಣ್ಣ ಮೂರು ಸಲ ಬಾಯಿ ತೆರೆದ. ಮೂರು ಸಲವೂ ಕ್ಷೌರದವನು ಅವನ ಕಾಲು ತುಳಿದ. ಕೊನೆಗೆ ಮೇಷ್ಟ್ರು ಸೋತು, ಸಹಿ ಹಾಕಿ, ಅಲ್ಲೇ ಫೋನಿನಲ್ಲಿ ಶುಲ್ಕವನ್ನೂ ಕಟ್ಟಿಬಿಟ್ಟರು. ಗೆದ್ದ ಖುಷಿಗೆ ಅಂಗಡಿಯಲ್ಲಿ ಎಲ್ಲರಿಗೂ ಚಹಾ ಬಂತು. ಇಸ್ತ್ರಿಯಣ್ಣನ ಲೆಕ್ಕದಲ್ಲಿ.

ಸಂಜೆ ಮೇಷ್ಟ್ರು ಬಟ್ಟೆಗಂಟು ಹಿಡಿದು ಕೆಳಗಿಳಿದು ಬಂದರು. ನಾಲ್ಕು ಅಂಗಿ, ಎರಡು ಚಡ್ಡಿ.

"ನಾಳೆಯೊಳಗೆ ಇಸ್ತ್ರಿ ಆಗ್ಬೇಕಪ್ಪ. ಸೋಮವಾರ ಹೊರಡ್ತೀವಿ."

"ಎಲ್ಲಿಗೆ ಮೇಷ್ಟ್ರೇ?"

"ಕಡಲಿಗೆ. ರಸೀದಿ ಜೊತೆ ಅವರ ನಿಯಮಾನೂ ಬಂತು. ಯಾವ ವರ್ಷದ ಶುಲ್ಕ ಯಾರು ಕಟ್ತಾರೋ ಆ ವರ್ಷದ ವಾರ ಅವರದ್ದೇ ಅಂತೆ. ನಿನ್ನದು ಮುಂದಿನ ವರ್ಷದಿಂದ. ಹುಲ್ಲು ಹಾಕಿದವನಿಗೇ ಹಾಲು, ನೋಡು."

ಆ ದುಡ್ಡನ್ನು ಈಗಲೇ ಕೊಟ್ಟುಬಿಡುತ್ತೇನೆಂದು ಇಸ್ತ್ರಿಯಣ್ಣ ಗೋಗರೆದ. ರಸೀದಿಯಾದ ಮೇಲೆ ಹೆಸರು ಬದಲಿಸುವಂತಿಲ್ಲವಂತೆ. ಇನ್ನೂ ಅಲ್ಲೇ ಹರಟುತ್ತಿದ್ದ ಕ್ಷೌರದವನಿಗೆ ಇದ್ದಕ್ಕಿದ್ದಂತೆ ಕತ್ತಿ ಮಸೆಯುವ ಕೆಲಸ ಬಂತು. ಭಾವಮೈದುನನಿಗೆ ಕಚೇರಿ ನೆನಪಾಯಿತು.

"ನನಗೇನೂ ಆಸೆ ಇರ್ಲಿಲ್ಲಪ್ಪ. ಆದ್ರೆ ದುಡ್ಡು ಕಟ್ಟಿದ್ಮೇಲೆ ಬಿಡೋಕೆ ಮನಸ್ಸು ಬರಲ್ಲ," ಎಂದು ಮೇಷ್ಟ್ರು ಈಗಿನಿಂದಲೇ ಒಂದು ಸೀನು ಸೀನಿದರು.

ಇಸ್ತ್ರಿಯಣ್ಣ ಅಭ್ಯಾಸಬಲದಿಂದ ಚಡ್ಡಿಯ ಜೇಬುಗಳನ್ನು ಹೊರಮಗುಚಿ ನೋಡಿದ. ಖಾಲಿ. ಮತ್ತೆ ಒಳಕ್ಕೆ ತಳ್ಳಿ, ಅಂಗೈಯಿಂದ ಮೆಲ್ಲನೆ ಸವರಿದ.

"ಮೇಷ್ಟ್ರೇ," ಎಂದ, "ಬರುವಾಗ ಜೇಬು ಒದರ್ಬೇಡಿ."