ಅವ್ವನ ಪರಾತ

ಕಾರು ಹಿಂದಕ್ಕೆ ತೆಗೆಯುವಾಗ 'ಟಣ್' ಎಂದದ್ದೇ ತಡ, ಸುನೀಲಕುಮಾರ ಇಳಿದು ಹಿಂದಕ್ಕೆ ಓಡಿದ. ರಾಣೆಬೆನ್ನೂರಿನ ಮನೆಯಂಗಳದಲ್ಲಿ ತಾನೇ ತೊಳೆದು ಒಣಗಲಿಟ್ಟಿದ್ದ ಅವ್ವನ ಅಲ್ಯೂಮಿನಿಯಂ ಪರಾತ, ಹಿಟ್ಟು ನಾದುವ ಅಗಲ ತಟ್ಟೆ, ಚಕ್ರದಡಿ ಸಿಕ್ಕು ಅಂಚಿನಿಂದ ನಡುವಿನ ತನಕ ಸೀಳಿತ್ತು.

ಅವ್ವನ ನೆನಪಿಗೆಂದು ಉಳಿದದ್ದು ಅದೊಂದೇ. ಅವ್ವ ಸಿದ್ದವ್ವ ಅದರಲ್ಲಿ ಹಿಟ್ಟು ನಾದುವಾಗ ಬಳೆಗಳ ಸದ್ದು ಕೇಳಿದರೆ ಸಾಕು, ಓಣಿಯ ಹುಡುಗರಿಗೆಲ್ಲ ಹಸಿವಾಗುತ್ತಿತ್ತು. ಇವತ್ತು ಅವಳ ಪುಣ್ಯತಿಥಿ. ಸಂಜೆ ಬ್ಯಾಡಗಿಯಿಂದ ಅವನ ಅಕ್ಕ ನಿರ್ಮಲಕ್ಕ ಬಂದು ಅದರಲ್ಲೇ ರೊಟ್ಟಿಗೆ ಹಿಟ್ಟು ನಾದುವವಳು.

"ಗ್ಯಾಸ್ ವೆಲ್ಡಿಂಗ್ ಮಾಡ್ಸೋ ತಮ್ಮಾ," ಎಂದು ಕಂಪೌಂಡಿನ ಮೇಲಿಂದ ಪಕ್ಕದ ಮನೆಯ ದೇವವ್ವ ಕತ್ತು ಚಾಚಿದಳು.

"ಬೆಂಕಿ ತಗುಲಿದ್ರ ಕರಗಿ ಹೊಕ್ಕೈತಿ ದೇವವ್ವಾ. ನಮ್ಮ ಕಾಲೇಜಿನ್ಯಾಗ ಬೆಂಕಿ ಇಲ್ದ ಬೆಸಿಯೂ ಮಶೀನ್ ಐತಿ."

ಸುನೀಲಕುಮಾರ ಹಾವೇರಿಯ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಗಿರಗಿರ ತಿರುಗುವ ಪಿನ್ನು ಸೀಳಿನ ಗುಂಟ ಸಾಗುತ್ತ, ತಿಕ್ಕಾಟದ ಕಾವಿಗೆ ಮೆತ್ತಗಾದ ಲೋಹವನ್ನು ಹಿಟ್ಟು ನಾದಿದ ಹಾಗೆ ನಾದಿ ಒಂದು ಮಾಡುವ ಫ್ರಿಕ್ಷನ್ ಸ್ಟರ್ ವೆಲ್ಡಿಂಗನ್ನು ಅವನು ವರ್ಷವೂ ಪಾಠ ಮಾಡುತ್ತಿದ್ದ.

ಪರಾತ ಕಂಡು ಕಾಲೇಜಿನ ವರ್ಕ್‌ಶಾಪಿನಲ್ಲಿ ಜಾತ್ರೆಯೇ ನೆರೆಯಿತು. ಸುನೀಲಕುಮಾರ ಕಣ್ಣೊರೆಸಿಕೊಂಡು, "ಈ ತಗ್ಗು ನೋಡ್ರಿ, ನಾ ಸಣ್ಣಾಂವಿದ್ದಾಗ ಕೆಡವಿ ಬಿದ್ದದ್ದು. ಅವ್ವ ಬೈಲೇ ಇಲ್ಲ," ಎಂದ. ಎಲ್ಲರೂ ಲೊಚಗುಟ್ಟಿದರು.

ಅವನು ನಡುವಿನಿಂದ ಶುರು ಮಾಡಬೇಕೆನ್ನುವಷ್ಟರಲ್ಲಿ ವಿಭಾಗದ ಮುಖ್ಯಸ್ಥ ಪ್ರಭುಲಿಂಗಪ್ಪ ಕೈ ಹಿಡಿದರು. "ಹುಚ್ಚ ಅದೀರೇನು? ರೊಟ್ಟಿ ಹಿಟ್ಟಿನ ಪರಾತ! ಲಕ್ಷ್ಮಿ ಹೊರಗಿಂದ ಒಳಗ ಬರಬೇಕು. ಅಂಚಿನಿಂದ ಶುರು ಮಾಡ್ರಿ."

ಹಿರಿಯರ ಮಾತು. ಅಂಚಿನಿಂದಲೇ ಶುರುವಾಯಿತು. ಬೆಸುಗೆ ರೇಷ್ಮೆಯಂತೆ ಬಂತು. ಚಪ್ಪಾಳೆಯ ನಡುವೆ ಪಿನ್ನು ಮೇಲೆದ್ದಿತು. ಎದ್ದ ಜಾಗದಲ್ಲಿ, ಪರಾತದ ನಟ್ಟನಡುವೆ, ದುಂಡನೆಯ ತೂತು! 'ಪಿನ್ನು ಎದ್ದಲ್ಲಿ ತೂತು ಉಳಿಯುತ್ತದೆ, ಅದಕ್ಕೇ ಅಂಚಿನಾಚೆ ಮುಗಿಸಬೇಕು' ಎಂದು ಹುಡುಗರಿಗೆ ಗಂಟಲು ಹರಿಯುವ ಹಾಗೆ ಹೇಳುತ್ತಿದ್ದವನೂ ಅವನೇ.

ಸಂಜೆ ನಿರ್ಮಲಕ್ಕ ಪರಾತವನ್ನು ಬೆಳಕಿಗೆ ಹಿಡಿದಳು. ತೂತಿನೊಳಗಿಂದ ಅವಳ ಕಣ್ಣು ಕಂಡದ್ದೇ ಸುನೀಲಕುಮಾರ ಎಲ್ಲ ಒಪ್ಪಿಕೊಂಡು ಅತ್ತುಬಿಟ್ಟ.

"ಅಳಬ್ಯಾಡೋ. ಇದು ಅವ್ವಂದಲ್ಲ. ಆಕಿ ತೀರಿಕೊಂಡು ದಿನಕಾರ್ಯ ಮುಗಿದ ಮ್ಯಾಲೆ ಖರೇ ಪರಾತ ನಾ ಒಯ್ದೆ. ನಿನಗ ತಿಳೀಬಾರದಂತ ಸಂತ್ಯಾಗ ಇದನ್ನ ಕೊಂಡು ಇಟ್ಟಿದ್ದೆ."

"ಮತ್ತ ಈ ತಗ್ಗು?"

"ತಗ್ಗೈತಿ ಅಂತನ ಅಂಗಡ್ಯಾಂವ ಸೋವಿ ಕೊಟ್ಟ."

ಅಕ್ಕ ಚೀಲ ಬಿಚ್ಚಿದಳು. ಒಳಗೆ ಅವ್ವನ ಖರೇ ಪರಾತ! "ತಮ್ಮಗ ಮೋಸ ಮಾಡಿದ್ನಲ್ಲಾ ಅಂತ ಜೀವ ತಡೀಲಿಲ್ಲ. ಇವತ್ತ ನಿನಗ ಕೊಟ್ಟು ಹೋಗಬೇಕಂತ ತಂದೆ."

ಅವನು ಎರಡೂ ಕೈ ಚಾಚಿದ. ಅಕ್ಕ ಒಮ್ಮೆ ತೂತು ನೋಡಿದಳು, ಒಮ್ಮೆ ಅಂಗಳದ ಕಾರು ನೋಡಿದಳು, ಅಡುಗೆಮನೆಗೆ ನಡೆದಳು.

ಬಳೆ ಸದ್ದು ಮಾಡಿತು. ಸುನೀಲಕುಮಾರನಿಗೆ ಹುಡುಗನಿದ್ದಾಗಿನ ಅದೇ ಹಸಿವು. ಹೊಟ್ಟೆ ತುಂಬ ರೊಟ್ಟಿ ಉಂಡ. ಅಕ್ಕ ಪರಾತ ತೊಳೆದು, ಸೆರಗಿನಿಂದ ಒರೆಸಿ, ಮತ್ತೆ ಚೀಲಕ್ಕೆ ಹಾಕಿ ಕೈ ನೀಡಿದಳು.

"ಮೊದ್ಲ ಕಾರಿನ ಚಾವಿ ಕೊಡು. ನಾ ಇದನ್ನ ತಗೊಂಡು ಬಸ್ ಹತ್ತೂ ತನಕ ನನ್ನ ಕಡೇನ ಇರಲಿ."