ಹತ್ತಕ್ಕೆ ಎಷ್ಟು ಸುಖ?

ಇಡೀ ಕಟ್ಟಡಕ್ಕೆ ಜಗಳದ ಬೆಂಕಿ ಹತ್ತಿಕೊಂಡದ್ದು ಬರೀ ಮೂರು ಅಂಕದಿಂದ. ಹಚ್ಚಿದವನು ಮೂರನೇ ಮಹಡಿಯ ಸಂಶೋಧಕ.

ಅವನು ಸಂಶೋಧಿಸುತ್ತಿದ್ದ ವಿಷಯ ಮನುಷ್ಯನ ಸುಖ. ಅದನ್ನು ವರ್ಷಗಟ್ಟಲೆ ಓದಿ ಓದಿ ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು. ನಗುವಾಗ ಕೆನ್ನೆಯ ಯಾವ ಸ್ನಾಯು ಎಷ್ಟು ಎಳೆಯುತ್ತದೆಂದು ಪುಟಗಟ್ಟಲೆ ಬರೆದಿದ್ದ. ಅವನು ನಕ್ಕಿದ್ದನ್ನು ಮಾತ್ರ ಕಂಡವರಿರಲಿಲ್ಲ. ಅಂದು ಬೆಳಿಗ್ಗೆ ಅವನ ಪ್ರೊಫೆಸರು ಫೋನಿನಲ್ಲಿ ಗುಡುಗಿದ್ದರು.

"ಸಂಜೆ ನಾನೇ ಬರ್ತೀನಿ. ಜನಕ್ಕೆ ಸುಖ ಯಾವುದರಿಂದ ಬರುತ್ತೆ ಅಂತ ಒಂದಾದ್ರೂ ಹೊಸ ಸಂಗತಿ ತೋರಿಸು. ಇಲ್ದಿದ್ರೆ ಡಾಕ್ಟರೇಟಿಗೆ ಎಳ್ಳುನೀರು ಬಿಡು."

ಸಂಶೋಧಕ ದಡಬಡ ಮೆಟ್ಟಿಲಿಳಿದು ನೆಲಮಹಡಿಯ ದರ್ಜಿಯ ಮುಂದೆ ನಿಂತ. "ನಿಮ್ಮ ಸುಖಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀರಿ?"

"ಎಂಟು ಹಾಕ್ಕೊಳ್ಳಿ," ಎಂದ ದರ್ಜಿ, ಬಟ್ಟೆ ಕತ್ತರಿಸುತ್ತಲೇ.

ಒಳಗಿನಿಂದ ಅವನ ಹೆಂಡತಿ, "ನಂದು ಐದು," ಎಂದಳು.

"ಯಜಮಾನ್ರು ಎಂಟು ಅಂದ್ರಲ್ಲಮ್ಮಾ!" ಎಂದುಬಿಟ್ಟ ಸಂಶೋಧಕ. ಓದಿದವರ ಬಾಯಿಗೆ ಬೀಗವಿರುವುದಿಲ್ಲ.

ಅವಳು ಸೌಟು ಹಿಡಿದೇ ಹೊರಬಂದಳು. "ಒಂದೇ ಮನೆ, ಒಂದೇ ಒಲೆ, ಒಂದೇ ಫ್ಯಾನು. ನನಗಿಲ್ಲದ ಆ ಮೂರು ನಿಮಗೆಲ್ಲಿಂದ ಬಂತು ರೀ? ಯಾರು ಕೊಡ್ತಿದ್ದಾಳೆ?"

ದರ್ಜಿಯ ಕತ್ತರಿ ಜಾರಿತು. ಗಿರಾಕಿಯ ಪ್ಯಾಂಟಿನ ಒಂದು ಕಾಲು ಚಡ್ಡಿಯಾಯಿತು.

ಸಂಶೋಧಕ ಮೇಲಕ್ಕೆ ಓಡಿದ. ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರು ಜಗಳಕ್ಕೆ ಕಿವಿಗೊಟ್ಟು ಬಾಗಿಲಲ್ಲೇ ನಿಂತಿದ್ದರು.

"ಆ ದರ್ಜಿಗೆ ಎಷ್ಟಂತೆ?"

"ಎಂಟು ಸಾರ್."

"ಜೀವಮಾನವೆಲ್ಲ ಮಾರ್ಕ್ಸ್ ಕೊಟ್ಟವನು ನಾನು. ಅವನಿಗಿಂತ ಕಮ್ಮಿ ತಗೋತೀನಾ? ಹತ್ತು ಬರ್ಕೋ!" ಎಂದವರೇ ಮಂಡಿ ಹಿಡಿದು ನರಳುತ್ತ ಕುರ್ಚಿಗೆ ಬಿದ್ದರು.

ಸಂಶೋಧಕ ಎದುರುಮನೆಯ ಬೆಲ್ ಒತ್ತಿದ. ರಾತ್ರಿಪಾಳಿ ಮುಗಿಸಿ ಮಲಗಿದ್ದ ನರ್ಸಮ್ಮ ಬಾಗಿಲ ಸಂದಿಯಿಂದ ಕೂಗಿದಳು. "ಆ ಮಂಡಿಗೇ ಹತ್ತಾದ್ರೆ ನನಗೂ ಹತ್ತು. ಇನ್ನೊಂದ್ಸಲ ಬೆಲ್ ಒತ್ತಿದ್ರೆ ಸೂಜಿ ಚುಚ್ತೀನಿ."

ಮೆಟ್ಟಿಲ ಬಳಿ ಓನರಮ್ಮ ಎದುರಾದರು. ಬಾಡಿಗೆದಾರರ ಕಾಟ ತಾಳಲಾರದೆ, ಕೆಟ್ಟು ಕೂತ ಲಿಫ್ಟಿಗೆ ಅಂದು ಕೊನೆಗೂ ಮೆಕ್ಯಾನಿಕ್‌ನನ್ನು ಕರೆಸಿದ್ದರು. ಸಂಶೋಧಕ ಹೆಮ್ಮೆಯಿಂದ ಎಲ್ಲರ ಅಂಕವನ್ನೂ ಒಪ್ಪಿಸಿದ.

"ಇಷ್ಟು ಸುಖವಾಗಿದ್ದಾರಾ? ಮತ್ತೆ ಇವರಿಗೆ ಲಿಫ್ಟ್ ಯಾಕೆ?" ಎಂದು ಓನರಮ್ಮ ಮೆಕ್ಯಾನಿಕ್‌ನನ್ನು ಬಂದ ದಾರಿಗೆ ಅಟ್ಟಿದರು.

ಸುದ್ದಿ ತಿಳಿದದ್ದೇ ತಡ, ಇಡೀ ಕಟ್ಟಡ ಜೇನುಗೂಡಿಗೆ ಕಲ್ಲು ಬಿದ್ದಂತೆ ಎದ್ದಿತು. "ನಂದು ಸೊನ್ನೆ ಬರ್ಕೋ!" ಎಂದು ಹೆಡ್‌ಮಾಸ್ಟರು ಮಂಡಿ ಮರೆತು ಓಡಿಬಂದರು. ದರ್ಜಿ ಹಾಗೂ ಅವನ ಹೆಂಡತಿ ಮದುವೆಯಾದ ಮೇಲೆ ಮೊದಲ ಬಾರಿಗೆ ಒಂದೇ ದನಿಯಲ್ಲಿ ಬೈದರು. ದಿಕ್ಕು ತೋಚದ ಸಂಶೋಧಕ ನೆಲಮಹಡಿಗೆ ಓಡಿ ಲಿಫ್ಟಿನೊಳಗೆ ನುಗ್ಗಿ ಜಾಲರಿ ಬಾಗಿಲು ಎಳೆದುಕೊಂಡ. ಅದು ಸಿಕ್ಕಿಹಾಕಿಕೊಂಡಿತು.

ಮೊದಲು ನರ್ಸಮ್ಮ ಕಿಸಕ್ಕೆಂದಳು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರ್ಚಿಗಳು ಬಂದವು, ಚಹಾ ಬಂತು. ಬೋನಿನ ಕೋತಿಯನ್ನು ನೋಡುವಂತೆ ಸರದಿಯ ಮೇಲೆ ಬಂದು ನೋಡಿದರು, ಬೈದರು. ಓನರಮ್ಮನೂ ಒಂದು ಲೋಟ ಹಿಡಿದು ಕೂತರು.

ಸಂಜೆ ಪ್ರೊಫೆಸರು ಬಂದಾಗ ಗದ್ದಲ ಮುಗಿಲು ಮುಟ್ಟಿತ್ತು. ಅವರು ಬೆರಗಾಗಿ, "ಈಗ ನಿಮ್ಮ ಸುಖಕ್ಕೆ ಎಷ್ಟು ಅಂಕ?" ಎಂದು ಕೇಳಿದರು.

"ಹತ್ತು!" ಎಂದರು ಎಲ್ಲರೂ. ಈ ಸಲ ಯಾರೂ ಸುಳ್ಳು ಹೇಳಲಿಲ್ಲ.

ಪ್ರೊಫೆಸರ ಕಣ್ಣು ಅರಳಿತು. "ಸಿಕ್ಕಿತು! ಸುಖಕ್ಕೆ ಹಣ ಬೇಡ, ಆರೋಗ್ಯ ಬೇಡ. ಎಲ್ರೂ ಸೇರಿ ಬೈಯೋಕೆ ಒಬ್ಬ ಸಿಕ್ಕಿದ್ರೆ ಸಾಕು!"

ಜಾಲರಿಯ ಹಿಂದಿನಿಂದ ಸಂಶೋಧಕ ಹಲ್ಲುಗಿಂಜಿದ. "ಹಾಗಾದ್ರೆ ನನ್ನ ಡಾಕ್ಟರೇಟು, ಸಾರ್?"

"ಕಂಡುಹಿಡಿದವನು ನಾನಯ್ಯ. ನೀನು ಬರೀ ಸಾಮಗ್ರಿ. ಅದೂ ಒಂದು ಕಟ್ಟಡದ ಪುರಾವೆ ಸಾಲದು, ಬೇರೆ ಕಡೇನೂ ಪ್ರಯೋಗ ಆಗ್ಬೇಕು."

ನಕ್ಕು ನಕ್ಕು ನೀರಾಡಿದ ಕಣ್ಣನ್ನು ಓನರಮ್ಮ ಸೆರಗಿನಿಂದ ಒರೆಸಿಕೊಂಡು ಎದ್ದರು. "ಹಿಂದಿನ ಬೀದೀಲಿ ನಮ್ಮಕ್ಕನ ಕಟ್ಟಡ ಇದೆ ಸಾರ್. ಅಲ್ಲಿ ಒಬ್ಬರ ಮುಖ ಒಬ್ಬರು ನೋಡಲ್ಲ. ನಿಮಗೆ ಪುಣ್ಯ ಬರುತ್ತೆ, ನಾಳೇನೇ ಈ ಲಿಫ್ಟಿನೊಳಗಿರೋರನ್ನ ಅಲ್ಲಿಗೆ ಕಳಿಸಿಕೊಡಿ."